ಹಮ್ದಾನ್ ಸ್ಟ್ರೀಟಿನ ಗುಲಾಬಿ ಹೋಳು

ಫಲಾಫಲ್ ಸುತ್ತಿದ ಕಾಗದ ಬಿಡಿಸಿದರೆ ಮೊದಲು ಕಣ್ಣು ಹೋಗುವುದು ಫಲಾಫಲ್ ಮೇಲಲ್ಲ, ಅದರ ಮಗ್ಗುಲಲ್ಲಿ ಒತ್ತಿಕೊಂಡು ಕೂತ ಗುಲಾಬಿ ಹೋಳಿನ ಮೇಲೆ. ಕಿರುಬೆರಳಿನಷ್ಟು ಉದ್ದ, ನಾಲ್ಕೂ ಮೂಲೆ ಚೊಕ್ಕ. ಅಂಗಡಿಯ ದೀಪಕ್ಕೆ ಎತ್ತಿ ಹಿಡಿದರೆ ಅಂಚಿನಲ್ಲಿ ರಾಣಿ ಬಣ್ಣ, ಒಳಕ್ಕೆ ಹೋದಷ್ಟೂ ತಿಳಿ, ಕೆಲವೊಮ್ಮೆ ನಟ್ಟನಡುವೆ ಎಳೆಯಷ್ಟು ಬಿಳಿ. ಆ ಬಿಳಿ ಎಳೆ ಉಳಿದಿದ್ದರೆ ಹೋಳು ಇನ್ನೂ ಎಳಸು; ಬಣ್ಣ ನಡುವಿನವರೆಗೆ ಇಳಿದಿದ್ದರೆ ಹದಕ್ಕೆ ಬಂದಿದೆ. ಕಚ್ಚಿದರೆ ಕರುಂ ಎನ್ನಬೇಕು. ಮೊದಲು ಉಪ್ಪು, ಅದರ ಹಿಂದೆಯೇ ಹುಳಿ, ಹುಳಿ ಇಳಿಯುವ ಹೊತ್ತಿಗೆ ಮೂಗಿನ ಬುಡಕ್ಕೆ ಸಾಸಿವೆಯಂಥದೊಂದು ಸಣ್ಣ ಘಾಟು, ಕಟ್ಟಕಡೆಗೆ ಬೀಟ್‌ರೂಟಿನ ಮಣ್ಣುವಾಸನೆಯ ಸಿಹಿ. ಕರಿದ ಕಡಲೆಯ ಎಣ್ಣೆ, ತಹೀನಾದ ಎಳ್ಳಿನ ಜಿಡ್ಡು ಎರಡನ್ನೂ ನಾಲಿಗೆಯಿಂದ ಒರೆಸಿ ಮುಂದಿನ ತುತ್ತಿಗೆ ಜಾಗ ಮಾಡಿಕೊಡುವುದು ಇದೇ. ಇದಿಲ್ಲದ ಫಲಾಫಲ್ ತಿಂದವರಿಗೆ ಎರಡನೆಯದು ಬೇಕೆನಿಸುವುದಿಲ್ಲ.

ಅಬುಧಾಬಿಯ ಕಾರ್ನಿಶ್ ಕಡಲದಂಡೆಗೆ ಬೆನ್ನು ಮಾಡಿ ನಡೆದರೆ ಮೊದಲು ಖಲೀಫಾ ಸ್ಟ್ರೀಟ್, ಅದರಾಚೆ ಹಮ್ದಾನ್, ಇನ್ನೂ ಆಚೆ ಎಲೆಕ್ಟ್ರಾ. ಎಲೆಕ್ಟ್ರಾದ ಫಲಕದ ಮೇಲೆ ಬೇರೆ ಹೆಸರಿದೆ, ಆದರೆ ಟ್ಯಾಕ್ಸಿಯವರ ಬಾಯಲ್ಲೂ ನಮ್ಮ ಬಾಯಲ್ಲೂ ಅದು ಎಲೆಕ್ಟ್ರಾವೇ. ಹಮ್ದಾನಿನಲ್ಲಿ ಮಹಡಿಗಳ ಮೇಲೆ ಸಂಸಾರಗಳು. ನೆಲಮಟ್ಟದಲ್ಲಿ ಎಕ್ಸ್‌ಚೇಂಜು, ದರ್ಜಿಯಂಗಡಿ, ಮೊಬೈಲ್ ಅಂಗಡಿ, ಔಷಧದಂಗಡಿ, ಅವುಗಳ ನಡುವೆ ಅಲ್ಲಲ್ಲಿ ಕೆಫೆಟೇರಿಯಾ. ಕರಕ್ ಚಹಾ ಕೊಡುವವರು ಹೆಚ್ಚಾಗಿ ಮಲಬಾರಿನವರು, ಅವರಲ್ಲಿ ನಮ್ಮ ಕಾಸರಗೋಡಿನವರೂ ಉಂಟು. ಷವರ್ಮಾ ಕೊರೆಯುವವರು ಸಿರಿಯಾ, ಲೆಬನಾನ್, ಈಜಿಪ್ಟಿನವರು. ಸೂಪರ್ ಮಾರ್ಕೆಟ್ಟಿನ ಬಿಲ್ ಕೌಂಟರಿನಲ್ಲಿ ಫಿಲಿಪ್ಪೀನ್ಸಿನವರೋ ನೇಪಾಳದವರೋ. ಗಿರಾಕಿಗಳಲ್ಲಿ ಉಡುಪಿ, ಮಂಗಳೂರು, ಭಟ್ಕಳ ಕಡೆಯವರು ಧಾರಾಳ. ಇವರಲ್ಲಿ ಹುಳಿ ಬರಿಸಿದ್ದೊಂದಿಲ್ಲದೆ ಊಟ ಮುಗಿಸುವವರು ಯಾರೂ ಇಲ್ಲ. ಹುಳಿಯ ರುಚಿ ನೋಡಬೇಕೆನ್ನುವವನಿಗೆ ಈ ಬೀದಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಗುಲಾಬಿ ಹೋಳು ಮೂಲತಃ ಬಿಳಿ ಟರ್ನಿಪ್ ಗಡ್ಡೆ. ಅರಬ್ಬರಿಗೆ ಲಿಫ್ತ್, ಉಪ್ಪಿನಕಾಯಿಯಾದ ಮೇಲೆ ಮುಖಲ್ಲಲ್. ಸಿಪ್ಪೆ ಹೆರೆದು ಕಡ್ಡಿಗಳಾಗಿ ಹೆಚ್ಚಿ, ಗಾಜಿನ ಭರಣಿಯಲ್ಲಿ ನಿಲ್ಲಿಸಿ, ನಡುವೆ ಒಂದೆರಡು ಬಿಲ್ಲೆ ಬೀಟ್‌ರೂಟ್, ನಾಲ್ಕು ಎಸಳು ಬೆಳ್ಳುಳ್ಳಿ ತುರುಕಿ, ಮೇಲೆ ಉಪ್ಪುನೀರು ಹೊಯ್ದರೆ ಆಯಿತು. ಲೀಟರು ನೀರಿಗೆ 50 ಗ್ರಾಂ ಉಪ್ಪು ಎಂಬುದು ಸಾಮಾನ್ಯ ಲೆಕ್ಕ. ಒಂದೆರಡು ಬಿಲ್ಲೆ ಬೀಟ್‌ರೂಟು ಇಡೀ ಭರಣಿಗೆ ಬಣ್ಣ ಹಂಚುತ್ತದೆ. ಬೀಟ್‌ರೂಟಿನ ಬೆಟಾನಿನ್ ಎಂಬ ಆ ಬಣ್ಣಕ್ಕೆ ಹುಳಿ ನೀರು ಒಗ್ಗುತ್ತದೆ, ಬಿಸಿ ಒಗ್ಗುವುದಿಲ್ಲ. ಸೂಪರ್ ಮಾರ್ಕೆಟ್ಟಿನ ಆಲಿವ್ ಕೌಂಟರಿನಲ್ಲಿ ಇದು ದೊಡ್ಡ ಸ್ಟೀಲು ತಟ್ಟೆಯಲ್ಲಿ ಕೂತಿರುತ್ತದೆ. ಒಂದು ಬದಿಗೆ ಸೌತೆ, ಇನ್ನೊಂದು ಬದಿಗೆ ಅಕ್ರೋಟು ತುಂಬಿದ ಪುಟ್ಟ ಬದನೆಯ ಮಕ್ದೂಸ್. ಆದರೆ ತಟ್ಟೆಯಲ್ಲಿರುವುದೆಲ್ಲ ಒಂದೇ ಜಾತಿಯದಲ್ಲ. ಕೆಲವು ನಿಜಕ್ಕೂ ಉಪ್ಪುನೀರಿನಲ್ಲಿ ತಾವಾಗಿ ಹುಳಿತವು, ಕೆಲವು ವಿನೆಗರ್ ಹೊಯ್ದು ಹುಳಿ ಮಾಡಿಸಿಕೊಂಡವು. ವಿನೆಗರಿನ ಹುಳಿ ಬಾಯಿಗಿಟ್ಟೊಡನೆ ಮೂಗಿಗೇರಿ ಅಲ್ಲಿಗೇ ಮುಗಿಯುತ್ತದೆ. ತಾನಾಗಿ ಬಂದ ಹುಳಿ ದುಂಡಗೆ ಇರುತ್ತದೆ, ನುಂಗಿದ ಮೇಲೂ ದವಡೆಯ ಮೂಲೆಯಲ್ಲಿ ನೀರೂರಿಸುತ್ತದೆ. ವಿನೆಗರಿನದನ್ನು ನಾನು ತಿನ್ನುವುದಿಲ್ಲ ಎಂದೇನಲ್ಲ. ಬೇರೆ ಸಿಗದಿದ್ದಾಗ ತಿನ್ನುತ್ತೇನೆ.

ಈ ದುಂಡು ಹುಳಿಯ ಹಿಂದೆ ಒಂದು ಕತೆ ಇದೆ, ಅದು ನೈಟ್ರೇಟಿನದು. ಟರ್ನಿಪ್ಪು, ಬೀಟ್‌ರೂಟು ಎರಡೂ ಮಣ್ಣಿನ ನೈಟ್ರೇಟನ್ನು ಮನಸಾರೆ ಕೂಡಿಡುವ ಗಡ್ಡೆಗಳು. ಗಿಡಕ್ಕೆ ನೈಟ್ರೇಟ್ ಬೇಕು; ಅದನ್ನು ಒಡೆದೇ ಅದು ತನ್ನ ಪ್ರೋಟೀನು ಕಟ್ಟುವುದು. ಒಡೆಯುವ ಕೆಲಸಕ್ಕೆ ಬಿಸಿಲು ಬೇಕು. ಬಿಸಿಲು ಕಡಿಮೆಯಾದರೆ ಬೇರು ಹೀರಿದ್ದು ಖರ್ಚಾಗದೆ ಎಲೆಯಲ್ಲೂ ತೊಟ್ಟಿನಲ್ಲೂ ಗಡ್ಡೆಯಲ್ಲೂ ಉಳಿಯುತ್ತದೆ. ಇಲ್ಲಿ ಪ್ರತಿ ಊಟದ ಮೇಜಿಗೂ ಕಟ್ಟುಗಟ್ಟಲೆ ಬರುವ ಜರ್ಜೀರ್ ಸೊಪ್ಪನ್ನೇ ನೋಡಿ. ಕಹಿ, ಖಾರ; ಕೆಂಪು ಮೂಲಂಗಿಯ ಜೊತೆ ಹಸಿಯಾಗಿ ಅಗಿಯುವ ಎಲೆ. ನೈಟ್ರೇಟ್ ಕೂಡಿಡುವುದರಲ್ಲಿ ಇದನ್ನು ಮೀರಿಸುವ ಸೊಪ್ಪು ಕಡಿಮೆ. ಯುರೋಪಿನ ಕಾನೂನು ಈ ಜಾತಿಯ ಸೊಪ್ಪಿಗೆ ಬೇಸಿಗೆಯ ಕೊಯ್ಲಾದರೆ ಕಿಲೋಗೆ 6000 ಮಿಲಿಗ್ರಾಂ, ಚಳಿಗಾಲದ ಕೊಯ್ಲಾದರೆ 7000 ಮಿಲಿಗ್ರಾಂ ಎಂದು ಎರಡು ಮಿತಿ ಇಟ್ಟಿದೆ. ಬಿಸಿಲಿನ ಲೆಕ್ಕ ಕಾನೂನಿನ ಪುಸ್ತಕದಲ್ಲೂ ಕೂತಿರುವುದು ನನಗೆ ಇಷ್ಟ.

ನೈಟ್ರೇಟ್ ತಾನಾಗಿ ಸಾಧು. ತಕರಾರು ಇರುವುದು ಅದರಿಂದ ಒಂದು ಆಮ್ಲಜನಕದ ಪರಮಾಣು ಕಳಚಿದಾಗ ಉಳಿಯುವ ನೈಟ್ರೈಟಿನ ಮೇಲೆ. ರಕ್ತಕ್ಕೆ ಅತಿಯಾಗಿ ಸೇರಿದರೆ ಅದು ಹಿಮೋಗ್ಲೋಬಿನ್ನಿನ ಉಸಿರು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಎಳೆಗೂಸುಗಳಿಗೆ ಇದರ ಭಯ ಹೆಚ್ಚು. ಅಮೆರಿಕದ ಅಯೋವಾದಲ್ಲಿ ನೈಟ್ರೇಟ್ ತುಂಬಿದ ಬಾವಿನೀರು ಕುಡಿದ ಶಿಶುಗಳು ನೀಲಿಗಟ್ಟುತ್ತಿದ್ದುದನ್ನು 1945ರಲ್ಲಿ ವೈದ್ಯರೊಬ್ಬರು ದಾಖಲಿಸಿದ ಮೇಲೆ ಲೋಕ ಇದರತ್ತ ಕಣ್ಣು ತೆರೆಯಿತು. ನೈಟ್ರೈಟು ಹೊಟ್ಟೆಯ ಹುಳಿಯಲ್ಲಿ ಪ್ರೋಟೀನಿನ ಚೂರುಗಳ ಜೊತೆ ಕೂಡಿದರೆ ಹುಟ್ಟುವ ನೈಟ್ರೊಸಮೀನುಗಳದ್ದು ಇನ್ನೊಂದು ಅಂಜಿಕೆ, ಅದು ಕ್ಯಾನ್ಸರಿನದು. ದಿನಕ್ಕೆ ಇಷ್ಟಾದರೆ ಅಡ್ಡಿಯಿಲ್ಲ ಎಂದು ತಜ್ಞರು ಇಟ್ಟ ಮಿತಿ ದೇಹತೂಕದ ಕಿಲೋಗೆ ನೈಟ್ರೇಟ್ 3.7 ಮಿಲಿಗ್ರಾಂ, ನೈಟ್ರೈಟ್ ಬರೀ 0.07 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ಒಂದು 222, ಇನ್ನೊಂದು 4.2. ಒಂದು ಪರಮಾಣು ಹೆಚ್ಚುಕಡಿಮೆಯಾದರೆ ಐವತ್ತು ಪಟ್ಟು ಎಚ್ಚರ.

ಭರಣಿಯೊಳಗೆ ಈ ಪರಮಾಣು ಕಳಚುವುದು ಮೊದಲ ದಿನಗಳಲ್ಲಿ. ಗಡ್ಡೆಯ ಮೈಮೇಲೆ ಮಣ್ಣಿನಿಂದ ಬಂದ ಸೂಕ್ಷ್ಮಜೀವಿಗಳು ಎಷ್ಟೋ ಬಗೆ. ಅವುಗಳಲ್ಲಿ ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಆರಂಭದಲ್ಲಿ ಅಲ್ಪಸಂಖ್ಯಾತರು. ಭರಣಿ ಮುಚ್ಚಿದ ಮೇಲೆ ಒಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ಆಗ ಎಂಟರೊಬ್ಯಾಕ್ಟೀರಿಯಾ ಎಂಬ ಬಳಗ ನೈಟ್ರೇಟಿನಿಂದಲೇ ಉಸಿರಾಡತೊಡಗುತ್ತದೆ: ಅದರ ಆಮ್ಲಜನಕವನ್ನು ಬಳಸಿಕೊಂಡು ನೈಟ್ರೈಟನ್ನು ನೀರಿಗೆ ಬಿಡುತ್ತದೆ. ಎರಡು ಮೂರು ದಿನದಲ್ಲಿ ಉಪ್ಪುನೀರು ಮಸುಕಾಗಿ, ಹೋಳುಗಳ ಮೈಗೆ ಸೂಜಿಮೊನೆಯಂಥ ಗುಳ್ಳೆಗಳು ಅಂಟಿ, ಭರಣಿ ಅಲ್ಲಾಡಿಸಿದರೆ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಮುಚ್ಚಳ ಸಡಿಲಿಸಿದರೆ ಹಸಿ ಎಲೆಕೋಸಿನ, ಸ್ವಲ್ಪ ಗಂಧಕದ ವಾಸನೆ. ಈ ಹಂತದಲ್ಲಿ ಹೋಳು ತಿಂದರೆ ಉಪ್ಪು ಒಂದು ಕಡೆ, ಹಸಿತನ ಒಂದು ಕಡೆ, ಎರಡಕ್ಕೂ ಪರಿಚಯವೇ ಆಗಿಲ್ಲ. ಬಣ್ಣ ಮಾತ್ರ ಆಗಲೇ ಮೋಹಕ. ಭರಣಿ ಕಿಟಕಿಯಲ್ಲಿಟ್ಟಿದ್ದರೆ ಕೈ ತಾನಾಗಿ ಹೋಗುತ್ತದೆ. ನೈಟ್ರೈಟು ಏರುವುದೂ ಇದೇ ದಿನಗಳಲ್ಲಿ.

ಆ ಗುಳ್ಳೆಗಳ ಕರ್ತೃ ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್. ಹೆಸರು ಹೊಸತೆನಿಸಿದರೂ ನಮಗೆ ಹಳೆಯ ನಂಟು: ಉದ್ದು ಅಕ್ಕಿ ರುಬ್ಬಿಟ್ಟ ಇಡ್ಲಿ ಹಿಟ್ಟನ್ನು ಬೆಳಗಾಗುವುದರೊಳಗೆ ಉಬ್ಬಿಸುವುದು ಇದೇ. ಹಿಟ್ಟು ಉಬ್ಬುವುದಕ್ಕೆ ಯೀಸ್ಟು ಬೇಕಿಲ್ಲ, ಈ ಬ್ಯಾಕ್ಟೀರಿಯಾ ಸಾಕು ಎಂದು ತೋರಿಸಿದ ಅಧ್ಯಯನ ಪ್ರಕಟವಾದದ್ದು 1965ರಲ್ಲಿ. ಅದನ್ನು ಬರೆದವರ ಪೈಕಿ ಒಬ್ಬರು ಕಾರ್ಲ್ ಪೆಡರ್‌ಸನ್. ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಜರ್ಮನರ ಹುಳಿ ಎಲೆಕೋಸು ಸೌರ್‌ಕ್ರೌಟನ್ನು ಓದಿದವರು. ಎಲೆಕೋಸಿನ ಭರಣಿಯಲ್ಲಿ ಕಂಡವನನ್ನೇ ಅವರು ಇಡ್ಲಿ ಹಿಟ್ಟಿನಲ್ಲೂ ಕಂಡರು. ಹಮ್ದಾನ್ ಸ್ಟ್ರೀಟಿನ ಉಡುಪಿ ಹೋಟೆಲಿನ ಅಡುಗೆಮನೆಗೂ ಪಕ್ಕದ ಫಲಾಫಲ್ ಅಂಗಡಿಗೂ ಗೋಡೆ ಒಂದೇ ಅಡ್ಡ. ಒಳಗೆ ದುಡಿಯುತ್ತಿರುವವರು ಒಂದೇ ಮನೆಯವರು.

ಲ್ಯುಕೊನೊಸ್ಟಾಕ್ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ, ಕಾರ್ಬನ್ ಡೈ ಆಕ್ಸೈಡ್, ಸ್ವಲ್ಪ ಅಸಿಟಿಕ್ ಆಮ್ಲ, ಸ್ವಲ್ಪ ಮದ್ಯಸಾರ ಬಿಡುತ್ತದೆ. ನಾನು ಮೊದಲು ಹೇಳಿದ ಹುಳಿಯ ದುಂಡುತನ ಬರುವುದು ಈ ಬೆರಕೆಯಿಂದ. ಹುಳಿ ಏರುತ್ತಿದ್ದಂತೆ ಮಣ್ಣಿನ ಮಂದಿ ತಡೆಯಲಾರದೆ ಸಾಯುತ್ತಾರೆ, ಲ್ಯುಕೊನೊಸ್ಟಾಕೂ ದಣಿಯುತ್ತದೆ. ಹುಳಿಯನ್ನು ಇನ್ನೂ ಹೆಚ್ಚು ತಾಳಬಲ್ಲ ಪ್ಲಾಂಟಾರಮ್ ಗದ್ದುಗೆ ಏರುತ್ತದೆ. ಇದನ್ನು ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂದು ಓದಿದವರು ತಿದ್ದಿಕೊಳ್ಳಬೇಕು: 2020ರಲ್ಲಿ ಆ ಕುಲವನ್ನೇ 25 ಕುಲಗಳಾಗಿ ಒಡೆದರು, ಈಗ ಅದು ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್. ಪಾಲು ಪಟ್ಟಿಯಾದರೂ ದುಡಿಮೆ ಮೊದಲಿನದೇ.

ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಏನು ಮಾಡುತ್ತವೆ? ಬಹುತೇಕ ಏನೂ ಇಲ್ಲ. ಅವು ಉಸಿರಾಡಿ ಬದುಕುವ ಜಾತಿಯಲ್ಲ, ಹುಳಿಸಿ ಬದುಕುವ ಜಾತಿ. ನೈಟ್ರೇಟಿನ ಗೊಡವೆ ಅವಕ್ಕೆ ಬೇಕಿಲ್ಲ. ಪ್ಲಾಂಟಾರಮ್ ಒಂದು ಅಪವಾದ. ನೈಟ್ರೇಟ್ ಒಡೆಯುವ ಕಿಣ್ವದ ಜೀನು ಅದರ ಬಳಿ ಇದೆ, ಆದರೆ ಆ ಕಿಣ್ವ ಕೆಲಸ ಮಾಡಲು ಹೀಮ್ ಎಂಬ ಕಬ್ಬಿಣದ ಉಂಗುರವೂ ವಿಟಮಿನ್ ಕೆ2 ಕೂಡ ಬೇಕು, ಎರಡನ್ನೂ ತಯಾರಿಸಲು ಅದಕ್ಕೆ ಬಾರದು. ಅಡುಗೆ ಬಲ್ಲ, ಒಲೆಗೆ ಮಾತ್ರ ಪಕ್ಕದ ಮನೆಗೆ ಹೋಗಬೇಕಾದವನ ಪಾಡು. ಎರಡನ್ನೂ ಹೊರಗಿನಿಂದ ಕೊಟ್ಟರೆ ಅದು ನೈಟ್ರೇಟನ್ನೂ ಒಡೆದು ತೋರಿಸುತ್ತದೆ ಎಂದು 2009ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಕಂಡುಕೊಂಡರು.

ನೈಟ್ರೈಟಿನ ವಿಷಯಕ್ಕೆ ಬಂದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಕೈಚಳಕ ಬೇರೆ. ಕೆಲವು ತಳಿಗಳು ಅದನ್ನು ಕಿಣ್ವದಿಂದಲೇ ಕರಗಿಸುತ್ತವೆ, ಅದೂ ಎರಡು ದಾರಿಯಲ್ಲಿ. 1990ರಲ್ಲಿ ಜರ್ಮನಿಯ ವೋಲ್ಫ್, ಹಾಮ್ಸ್ ಮತ್ತು ಜೊತೆಗಾರರು ಇವನ್ನು ಬೇರ್ಪಡಿಸಿ ತೋರಿಸಿದರು. ಹೀಮ್ ಸಿಕ್ಕವು ನೈಟ್ರೈಟನ್ನು ಅಮೋನಿಯಾ ಮಾಡುತ್ತವೆ. ಹೀಮ್ ಬೇಡದವು ಅದನ್ನು ನೈಟ್ರಿಕ್ ಆಕ್ಸೈಡ್ ಮತ್ತು ನೈಟ್ರಸ್ ಆಕ್ಸೈಡ್ ಅನಿಲಗಳಾಗಿ ಹಾರಿಸಿಬಿಡುತ್ತವೆ. ನೈಟ್ರಸ್ ಆಕ್ಸೈಡ್ ಎಂದರೆ ಹಿಂದೆ ಹಲ್ಲು ಕೀಳುವಾಗ ಮೂಸಿಸುತ್ತಿದ್ದ ನಗೆಯನಿಲ. ಉಪ್ಪಿನಕಾಯಿ ಭರಣಿಯಿಂದ ಅದರ ಒಂದು ಎಳೆ ಹೊರಡುತ್ತದೆ ಎಂಬುದನ್ನು ಓದಿದ ದಿನ ನನಗೆ ಅನಿಲವಿಲ್ಲದೆಯೇ ನಗು ಬಂತು.

ಕಿಣ್ವದ ಕೆಲಸ ನಡೆಯುವುದು ಭರಣಿ ಇನ್ನೂ ಅಷ್ಟು ಹುಳಿಯಾಗಿಲ್ಲದಾಗ. ಪಿಎಚ್ 4.5ಕ್ಕಿಂತ ಕೆಳಗಿಳಿಯಿತೆಂದರೆ ಕಿಣ್ವ ಸೋಲುತ್ತದೆ, ಹುಳಿಯೇ ಆ ಕೆಲಸ ವಹಿಸಿಕೊಳ್ಳುತ್ತದೆ. ಲ್ಯಾಕ್ಟಿಕ್ ಆಮ್ಲದ ನಡುವೆ ನೈಟ್ರೈಟು ನೈಟ್ರಸ್ ಆಮ್ಲವಾಗುತ್ತದೆ. ಅದು ನಿಲ್ಲುವ ವಸ್ತುವಲ್ಲ, ತಾನಾಗಿ ಒಡೆದು ಚದುರುತ್ತದೆ. ಮಾಡುವವರು ಮಣ್ಣಿನ ಬ್ಯಾಕ್ಟೀರಿಯಾ, ಅಳಿಸುವವರು ಹುಳಿಯ ಬ್ಯಾಕ್ಟೀರಿಯಾ, ಅವರು ಸತ್ತ ಮೇಲೂ ಅವರು ಬಿಟ್ಟ ಹುಳಿ. ಹಾಗಾಗಿ ಉಪ್ಪುನೀರಿನ ತರಕಾರಿಯಲ್ಲಿ ನೈಟ್ರೈಟಿನ ರೇಖೆ ಮೊದಲ ವಾರದಲ್ಲಿ ಗುಡ್ಡದಂತೆ ಏರಿ, ಮುಂದಿನೆರಡು ವಾರದಲ್ಲಿ ಬಯಲಿಗಿಳಿಯುತ್ತದೆ. ಬಿಳಿ ಎಳೆ ಮಾಯವಾಗಿ, ಗಂಧಕದ ವಾಸನೆ ಹೋಗಿ, ದವಡೆಯ ಮೂಲೆಯಲ್ಲಿ ನೀರೂರುವ ಹುಳಿ ಬರುವುದೂ ಅದೇ ಹೊತ್ತಿಗೆ. ರುಚಿ ಹದಕ್ಕೆ ಬರುವ ದಿನವೂ ಭರಣಿ ನಿರಪಾಯವಾಗುವ ದಿನವೂ ಹೆಚ್ಚುಕಡಿಮೆ ಒಂದೇ. ಅಜ್ಜಿಯರು ಪಿಎಚ್ ಅಳೆಯದೆ ಗೆದ್ದದ್ದು ಹೀಗೆ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಅಗ್ಗದ ಉಪಾಯ ಮೀನುತೊಟ್ಟಿಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ತೊಟ್ಟಿಯ ನೀರಿನಲ್ಲಿ ನೈಟ್ರೈಟು ಸೇರಿದರೆ ಮೀನು ಸಾಯುತ್ತವಾದ್ದರಿಂದ ಅದನ್ನು ತೋರಿಸುವ ಕಾಗದದ ಪಟ್ಟಿ ಮಾರುತ್ತಾರೆ. ಅದರಲ್ಲೊಂದು ತಮಾಷೆ: ನೈಟ್ರೈಟು ಇದ್ದರೆ ಪಟ್ಟಿ ತಿರುಗುವುದೇ ಗುಲಾಬಿಗೆ. ಬೀಟ್‌ರೂಟಿನ ಭರಣಿಯಲ್ಲಿ ಅದ್ದಿದರೆ ಯಾವುದರ ಗುಲಾಬಿ ಯಾವುದು ಎಂದು ದೇವರಿಗೇ ಗೊತ್ತು. ಆದ್ದರಿಂದ ಬೀಟ್‌ರೂಟ್ ಹಾಕದ ಬಿಳಿ ಟರ್ನಿಪ್ಪಿನ ಭರಣಿಯೊಂದನ್ನು ಬೇರೆ ಇಟ್ಟು ನೋಡಿದೆ. ಮೊದಲ ವಾರದ ನಡುವೆ ಪಟ್ಟಿ ನಾಚಿದಂತೆ ಕೆಂಪಾಯಿತು, ಮೂರನೆಯ ವಾರಕ್ಕೆ ಬೆಳ್ಳಗೇ ಉಳಿಯಿತು. ಪಟ್ಟಿ ಅಂದಾಜಿನದು, ಪ್ರಯೋಗಾಲಯದ್ದಲ್ಲ. ಏರಿಳಿತ ತೋರಿಸಲು ಸಾಕು. ಈ ಗುಲಾಬಿ ಪರೀಕ್ಷೆಯ ಮೂಲಪುರುಷ ಪೀಟರ್ ಗ್ರೀಸ್, ಇಂಗ್ಲೆಂಡಿನ ಬರ್ಟನ್ ಊರಿನ ಬಿಯರ್ ಕಾರ್ಖಾನೆಯೊಂದರಲ್ಲಿ ರಸಾಯನಜ್ಞನಾಗಿದ್ದ ಜರ್ಮನ್. 1879ರಲ್ಲಿ ಅವನು ಇದರಿಂದ ನೈಟ್ರೈಟ್ ಹುಡುಕಿದ್ದು ಉಪ್ಪಿನಕಾಯಿಯಲ್ಲಲ್ಲ, ಮನುಷ್ಯನ ಜೊಲ್ಲಿನಲ್ಲಿ. ಅಲ್ಲಿಗೆ ಆಮೇಲೆ ಬರೋಣ.

ಗುಡ್ಡ ಎಷ್ಟು ಎತ್ತರ, ಎಷ್ಟು ದಿನ ಎಂಬುದು ಮನೆಯ ಹವೆಯ ಮೇಲೆ ನಿಂತಿದೆ. ಬೆಚ್ಚಗಿದ್ದರೆ ಹುಳಿ ಬೇಗ ಏರುತ್ತದೆ, ನೈಟ್ರೈಟು ಬೇಗ ಬಂದು ಬೇಗ ಹೋಗುತ್ತದೆ. ತಣ್ಣಗಿದ್ದರೆ ಎಲ್ಲವೂ ನಿಧಾನ, ಗುಡ್ಡವೂ ಬಹುದಿನ ನಿಲ್ಲುತ್ತದೆ. ಹೊರಗೆ 45 ಡಿಗ್ರಿ, ಒಳಗೆ ಏಸಿ ಸದಾ ಗುಂಯ್‌ಗುಡುವ ಅಬುಧಾಬಿಯ ಫ್ಲಾಟಿನಲ್ಲಿ ಭರಣಿಗೆ ಊರಿನ ಲೆಕ್ಕ ಹೊಂದುವುದಿಲ್ಲ. ಇಡ್ಲಿ ಹಿಟ್ಟು ಉಬ್ಬದೆ ಮುಖ ಊದಿಸಿಕೊಂಡ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅವರು ಹಿಟ್ಟಿನ ಪಾತ್ರೆಯನ್ನು ಏಸಿ ಇಲ್ಲದ ಮೂಲೆಗೆ ಸಾಗಿಸಿ ಎಷ್ಟೋ ಕಾಲವಾಯಿತು. ಇನ್ನೊಂದು ಉಪಾಯ ಹೆಪ್ಪು. ಹಳೆಯ ಭರಣಿಯ ಹುಳಿನೀರನ್ನು ಒಂದು ಲೋಟ ಹೊಸದಕ್ಕೆ ಸೇರಿಸಿದರೆ ಹುಳಿಯ ಮಂದಿ ಮೊದಲ ದಿನವೇ ಬಹುಮತಕ್ಕೆ ಬರುತ್ತಾರೆ, ನೈಟ್ರೈಟಿನ ಗುಡ್ಡ ದಿಬ್ಬವಾಗುತ್ತದೆ. ಚೀನಾದ ಸಿಚುವಾನಿನವರು ಪಾವ್‌ಚಾಯ್ ಎಂಬ ತಮ್ಮ ಉಪ್ಪುನೀರಿನ ತರಕಾರಿ ಭರಣಿಯ ಹಳೆಯ ನೀರನ್ನು ವರ್ಷಾನುಗಟ್ಟಲೆ ಕಾಪಾಡಿಕೊಂಡು ಬರುವುದು ರುಚಿಗಾಗಿ; ಪ್ರಯೋಗಾಲಯಗಳು ಅದರಲ್ಲಿ ಈ ಲಾಭವನ್ನೂ ಕಂಡಿವೆ. ಉಪ್ಪಿನಕಾಯಿ ತರಕಾರಿಗೆ ಕಿಲೋಗೆ 20 ಮಿಲಿಗ್ರಾಂ ಎಂದು ನೈಟ್ರೈಟಿನ ಮಿತಿ ಬರೆದಿಟ್ಟ ದೇಶವೂ ಅದೇ. ಬೆಳ್ಳುಳ್ಳಿ, ಶುಂಠಿ, ನಿಂಬೆಯ ಸಿ ಜೀವಸತ್ವ ಕೂಡ ನೈಟ್ರೈಟನ್ನು ತಗ್ಗಿಸುತ್ತವೆ. ಭರಣಿಗೆ ಬೆಳ್ಳುಳ್ಳಿ ತುರುಕಿದ ಕೈ ಬರೀ ಘಮಕ್ಕಾಗಿ ತುರುಕಿತೆಂದು ಹೇಳಲು ನಾನು ಸಿದ್ಧನಿಲ್ಲ.

ಹಮ್ದಾನಿನ ಮಿಕ್ಕ ಹುಳಿಗಳಲ್ಲಿ ನನ್ನ ಮೆಚ್ಚಿನದು ಫಿಲಿಪ್ಪೀನ್ಸಿನವರ ಬುರೋಂಗ್ ಮುಸ್ತಾಸಾ: ಸಾಸಿವೆ ಸೊಪ್ಪನ್ನು ಉಪ್ಪಿನಲ್ಲಿ ಬಾಡಿಸಿ, ಅಕ್ಕಿ ತೊಳೆದ ಅಕ್ಕಚ್ಚು ಹೊಯ್ದು ಹುಳಿಸುತ್ತಾರೆ. ಅಕ್ಕಚ್ಚಿನ ಗಂಜಿ ಹುಳಿಯ ಬ್ಯಾಕ್ಟೀರಿಯಾಕ್ಕೆ ಮೊದಲ ಊಟ. ಎಲೆ ಆಲಿವ್ ಹಸಿರಿಗೆ ತಿರುಗಿ, ಕಹಿ ಕಳೆದು, ಬೆಳ್ಳುಳ್ಳಿ ಒಗ್ಗರಣೆಗೆ ಬಿದ್ದಾಗ ಬರುವ ಪರಿಮಳಕ್ಕೆ ಪಕ್ಕದ ಫ್ಲಾಟಿನ ಬಾಗಿಲೂ ತೆರೆಯುತ್ತದೆ. ನೇಪಾಳಿಗಳ ಗುಂಡ್ರುಕ್ ಅದೇ ಸಾಸಿವೆ ಸೊಪ್ಪನ್ನು ಒತ್ತಿ ಹುಳಿಸಿ ಒಣಗಿಸಿದ್ದು. ಸಾರು ಮಾಡಿದರೆ ಹೊಗೆ ಹಿಡಿದ ಹುಣಸೆಯ ಛಾಯೆ. ಸೊಪ್ಪು ಎಂದ ಮೇಲೆ ನೈಟ್ರೇಟಿನ ಕತೆ ಇವೆರಡರಲ್ಲೂ ಇದ್ದೇ ಇದೆ.

ನಮ್ಮ ಕಡೆ ಏಕೆ ಸೊಪ್ಪು ಹುಳಿಸಲಿಲ್ಲ ಎಂದು ಯೋಚಿಸಿದ್ದುಂಟು. ಸಾಗರ, ಶಿರಸಿಯ ಅಪ್ಪೆಮಿಡಿ ಉಪ್ಪಿನಲ್ಲಿ ಚಿರುಟಿ ಕೂರುತ್ತದೆ, ಆದರೆ ಅಲ್ಲಿ ಉಪ್ಪೇ ಯಜಮಾನ, ಬ್ಯಾಕ್ಟೀರಿಯಾಕ್ಕೆ ಹೆಚ್ಚು ಎಡೆಯಿಲ್ಲ. ಮಾವಿನಮಿಡಿಯಲ್ಲಿ ನೈಟ್ರೇಟೂ ಹೇಳಿಕೊಳ್ಳುವಷ್ಟಿಲ್ಲ. ಕರಾವಳಿಯ ಉಪ್ಪು ಸೊಳೆ, ತುಳುವಿನ ಉಪ್ಪಡ್ ಪಚ್ಚಿಲ್, ಹಲಸಿನ ಕಾಯಿಯದು. ಅದೂ ಈ ಲೆಕ್ಕದ ಹೊರಗೆ. ನಮ್ಮ ನೈಟ್ರೇಟೆಲ್ಲ ಹರಿವೆ, ಪಾಲಕ್, ಸಬ್ಬಸಿಗೆ, ಮೂಲಂಗಿಗಳಲ್ಲಿ. ವರ್ಷವಿಡೀ ಹಿತ್ತಿಲಲ್ಲಿ ಸೊಪ್ಪು ಸಿಗುವ ನಾಡಿಗೆ ಅದನ್ನು ಭರಣಿಗೆ ತುಂಬಿಡುವ ದರ್ದು ಇರಲಿಲ್ಲ. ಕಿತ್ತದ್ದನ್ನು ಅಂದೇ ಬೇಯಿಸಿ, ಅಂದೇ ಉಣ್ಣು. ತಂಬುಳಿಯಾದರೆ ಹುಳಿಯನ್ನು ಬೇರೆ ಕಡೆ ಮಜ್ಜಿಗೆಯಲ್ಲಿ ಬರಿಸಿಕೊಂಡು ಎಲೆಯ ಮೇಲೆ ಹೊಯ್ದುಕೊ. ಸೊಪ್ಪಿನ ಪಲ್ಯ, ಸಾರು ಮರುದಿನಕ್ಕೆ ಇಡಬಾರದೆಂದು ಹಿರಿಯರು ಗದರುತ್ತಿದ್ದುದಕ್ಕೆ ಈಗ ಅರ್ಥ ಸಿಗುತ್ತದೆ: ಬೆಂದ ಸೊಪ್ಪು ಹೊರಗೆ ಕೂತರೆ ನೈಟ್ರೈಟ್ ಮಾಡುವವರು ಸೇರುತ್ತಾರೆ, ಅಳಿಸುವ ಹುಳಿ ಬರುವುದೇ ಇಲ್ಲ. ಮಗುವಿಗೆಂದು ಬೇಯಿಸಿ ರುಬ್ಬಿದ ಪಾಲಕನ್ನು ಹೊರಗಿಟ್ಟು ಉಣಿಸಬಾರದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೇಳಿದ್ದೂ ಇದನ್ನೇ.

ಆಲಿವ್ ಕೌಂಟರಿನ ಪಕ್ಕದ ಗಾಜಿನೊಳಗೆ ತೂಗುವ ಬಸ್ತುರ್ಮಾದ ಮಾತು ಬಿಟ್ಟರೆ ಅನ್ಯಾಯ. ಉಪ್ಪು ಹಚ್ಚಿ, ಒತ್ತಿ, ಒಣಗಿಸಿದ ದನದ ಮಾಂಸ. ಹೊರಗೆ ಬೆರಳು ದಪ್ಪ ಚಮನ್, ಅಂದರೆ ಮೆಂತ್ಯ, ಬೆಳ್ಳುಳ್ಳಿ, ಕೆಂಪು ಮೆಣಸಿನ ಲೇಪ. ಮೆಂತ್ಯದ ಘಮ ಮೂರು ಮಾರು ದೂರಕ್ಕೇ ಹೊಡೆಯುತ್ತದೆ. ಕಾಗದದಷ್ಟು ತೆಳ್ಳಗೆ ಕೊಯ್ದರೆ ಒಳಗೆ ಮಾಣಿಕ್ಯದ ಕೆಂಪು. ಆ ಕೆಂಪೂ ನೈಟ್ರೈಟಿನದೇ. ಇಲ್ಲಿ ಪಾತ್ರಗಳು ಅದಲುಬದಲು: ತರಕಾರಿಯಲ್ಲಿ ಬೇಡವೆಂದು ಕಾಯುವುದನ್ನು ಮಾಂಸದಲ್ಲಿ ಬೇಕೆಂದು ಬೆರೆಸುತ್ತಾರೆ. ಹಿಂದೆ ಪೆಟ್ಲುಪ್ಪು ಹಚ್ಚುತ್ತಿದ್ದರು, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಅದನ್ನು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ ಎಂದು ಜರ್ಮನಿಯ ಪೊಲೆನ್ಸ್ಕೆ 1891ರಲ್ಲಿ ಕಂಡ. ನೈಟ್ರೈಟಿನಿಂದ ಹೊರಟ ನೈಟ್ರಿಕ್ ಆಕ್ಸೈಡ್ ಮಾಂಸದ ಹೀಮ್ ಹಿಡಿದು ಈ ಕೆಂಪು ಕೊಡುತ್ತದೆ ಎಂದು ಹಾಲ್ಡೇನ್ 1901ರಲ್ಲಿ ಬಿಡಿಸಿ ಹೇಳಿದ. ಹುಳಿಸಿದ ಸಾಸೇಜಿನಲ್ಲಿ ಸ್ಟೆಫಿಲೊಕಾಕಸ್ ಕಾರ್ನೋಸಸ್ ನೈಟ್ರೇಟ್ ಒಡೆದರೆ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ಕೊಟ್ಟು ಬಣ್ಣ ಕೂರಿಸುತ್ತದೆ. ಬಾಟುಲಿಸಂ ವಿಷದ ಬ್ಯಾಕ್ಟೀರಿಯಾವನ್ನು ತಡೆಯುವುದೂ ಅದೇ ನೈಟ್ರೈಟು. ಇಷ್ಟಾಗಿಯೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವಂಥದೆಂದು ಖಚಿತವಾಗಿ ಪಟ್ಟಿಗೆ ಸೇರಿಸಿತು. ತಿನ್ನುವವರು ಎರಡು ತೆಳು ಹೋಳನ್ನು ಮೊಟ್ಟೆಯ ಜೊತೆ ಹಬ್ಬಕ್ಕೊಮ್ಮೆ ತಿನ್ನಲಿ; ದಿನದ ಬುತ್ತಿಗೆ ಇದು ಅಲ್ಲ.

ಜೊಲ್ಲಿನ ಮಾತು ಬಾಕಿ ಇತ್ತು. ನಾವು ತಿಂದ ನೈಟ್ರೇಟಿನ ಸುಮಾರು ಕಾಲು ಭಾಗ ರಕ್ತದಿಂದ ಸುತ್ತಿ ಮತ್ತೆ ಜೊಲ್ಲಿಗೆ ಬರುತ್ತದೆ. ನಾಲಿಗೆಯ ಹಿಂಬದಿಯ ಬಿರುಕುಗಳಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾಗಳು ಅದರಲ್ಲೊಂದು ಪಾಲನ್ನು ನೈಟ್ರೈಟ್ ಮಾಡುತ್ತವೆ. ಮನುಷ್ಯನ ಹೊಟ್ಟೆಗೆ ಹೋಗುವ ನೈಟ್ರೈಟಿನಲ್ಲಿ ದೊಡ್ಡ ಪಾಲು ಯಾವ ಭರಣಿಯದೂ ಅಲ್ಲ, ಅವನದೇ ಬಾಯಿಯದು. ಅದು ಹೊಟ್ಟೆಯ ಹುಳಿಗೆ ಬಿದ್ದು ನೈಟ್ರಿಕ್ ಆಕ್ಸೈಡ್ ಆಗುತ್ತದೆ ಎಂಬುದು 1994ರಲ್ಲಿ ಸ್ವೀಡನ್ನಿನಲ್ಲೂ ಬ್ರಿಟನ್ನಿನಲ್ಲೂ ಬೇರೆಬೇರೆಯಾಗಿ ಹೊರಬಿತ್ತು. ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಸಡಿಲಿಸುವ ಸಂದೇಶವಾಹಕ. ಅದನ್ನು ಗುರುತಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ 1998ರ ನೊಬೆಲ್ ಬಂತು. ಓಟಗಾರರು ಬೀಟ್‌ರೂಟ್ ರಸ ಕುಡಿಯತೊಡಗಿದ್ದು ಈ ಜಾಡಿನಲ್ಲೇ. ಒಂದು ಕಟ್ಟು ಜರ್ಜೀರ್ ತಿಂದವನು ನೈಟ್ರೇಟಿನ ದಿನದ ಮಿತಿ ದಾಟಿಯೇಬಿಡಬಹುದು. ಆದರೂ ಸೊಪ್ಪು ತರಕಾರಿಯ ಲಾಭವೇ ಮೇಲು ಎಂದು 2008ರಲ್ಲಿ ಯುರೋಪಿನ ಅದೇ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿಕೊಂಡಿತು. ಎಲೆಯ ಜೊತೆ ಸಿ ಜೀವಸತ್ವವೂ ಬರುತ್ತದೆ, ನೈಟ್ರೊಸಮೀನು ಆಗುವುದನ್ನು ಅದು ತಡೆಯುತ್ತದೆ. ಸಂಸ್ಕರಿಸಿದ ಮಾಂಸದ ಸ್ಥಿತಿ ಬೇರೆ: ಹೀಮೂ ಪ್ರೋಟೀನೂ ನೈಟ್ರೈಟಿನ ಪಕ್ಕದಲ್ಲೇ ಕೂತಿರುತ್ತವೆ.

ಹಮ್ದಾನ್ ಸ್ಟ್ರೀಟಿನಲ್ಲಿ ಗುಲಾಬಿ ಹೋಳು ಕೊಳ್ಳುವವರು ಡಬ್ಬದ ಚೀಟಿ ಓದಿ: ಟರ್ನಿಪ್ಪು, ನೀರು, ಉಪ್ಪು, ಬೀಟ್‌ರೂಟು, ಅಷ್ಟೇ ಇದ್ದರೆ ಅದು ತಾನಾಗಿ ಹುಳಿತದ್ದಿರಬಹುದು, ವಿನೆಗರ್ ಇದ್ದರೆ ಅಲ್ಲವೆಂದೇ ಎಣಿಸಿ. ಕೌಂಟರಿನಲ್ಲಾದರೆ ಒಂದು ಹೋಳು ರುಚಿಗೆ ಕೇಳಿ, ಕೊಡುತ್ತಾರೆ. ಮನೆಯಲ್ಲಿ ಹಾಕುವವರು ಹೋಳುಗಳು ಪೂರ್ತಿ ಮುಳುಗಿರುವಂತೆ ಮೇಲೊಂದು ಭಾರವಿಡಿ, ಮೊದಲ ವಾರ ಮುಚ್ಚಳವನ್ನು ಆಗಾಗ ಸಡಿಲಿಸಿ ಗಾಳಿ ಬಿಡಿ, ಹಳೆಯ ಹುಳಿನೀರು ಸಿಕ್ಕರೆ ಒಂದು ಲೋಟ ಸೇರಿಸಿ, ಮೂರು ವಾರ ತುಂಬುವ ತನಕ ತಿನ್ನಬೇಡಿ. ರಕ್ತದೊತ್ತಡ ಇರುವವರು ಉಪ್ಪಿನ ಲೆಕ್ಕ ಇಟ್ಟು ಎರಡೇ ಹೋಳು ತಿನ್ನಿ. ಟರ್ನಿಪ್ಪು ಸಿಗದ ಊರಿನವರು ಮೂಲಂಗಿಯಲ್ಲಿ ಮಾಡಿದರೂ ಬರುತ್ತದೆ. ಘಾಟು ಸ್ವಲ್ಪ ಹೆಚ್ಚು, ಬಣ್ಣ ಅದೇ.